ಕರೆಂಟು ವಾಪಸು ಹೋಗುವ ದಾರಿ

ಅಳಿಯಾ, ನಿನ್ನ ಟ್ರಕ್ಕಿನ ರೋಗಗಳ ಪಟ್ಟಿ ಪೂರಾ ಓದಿದೆ. ಬಲಗಡೆ ಇಂಡಿಕೇಟರ್ ಹಾಕಿದರೆ ಟೇಲ್ ಲ್ಯಾಂಪು, ಡ್ಯಾಶ್‌ಬೋರ್ಡಿನ ದೀಪ ಎಲ್ಲವೂ ಅದರ ಜೊತೆ ಮಿಣುಕುತ್ತವೆ. ಪೆಟ್ರೋಲ್ ಮುಳ್ಳು ಸದಾ ಫುಲ್ ದಾಟಿ ನಿಂತಿರುತ್ತದೆ. ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಹತ್ತುವುದಿಲ್ಲ. ಕೀ ಬಿಟ್ಟ ಗಳಿಗೆಯಲ್ಲಿ ಒಮ್ಮೊಮ್ಮೆ ಹತ್ತುತ್ತದೆ. ವಾರ ನಿಲ್ಲಿಸಿದರೆ ಬ್ಯಾಟರಿ ಡೌನ್. ಕೊನೆಯ ಸಾಲಿನಲ್ಲಿ ಕೇಳಿದ್ದೀಯ: "ಮಾವ, ಎಲ್ಲಾ ವೈರು ಕಿತ್ತುಹಾಕಿ ಇನ್ನೊಂದು ಹೊಸ ವೈರಿಂಗ್ ಕಿಟ್ ತರಿಸಿಬಿಡಲಾ?"

ಬೇಡ. ಈಗಿರುವ ಕಿಟ್ಟೇ ಹೊಸದು. ಹೊಸ ವೈರು ನಡುವೆ ಕೆಡುವುದು ಅಪರೂಪ. ಕೆಡುವುದು ಅದರ ತುದಿ, ಜಾಯಿಂಟು, ಬೋಲ್ಟಿನ ಕೆಳಗೆ ಉಳಿದ ಬಣ್ಣ. ಅದೇ ಕೈ ಅದೇ ಅವಸರದಲ್ಲಿ ಇನ್ನೊಂದು ಕಿಟ್ ಹಾಕಿದರೆ ಅವೇ ರೋಗಗಳು ಅವೇ ಜಾಗದಲ್ಲಿ ಏಳುತ್ತವೆ, ದುಡ್ಡು ಹೋದದ್ದಷ್ಟೇ ಲಾಭ. ನಿನ್ನ ಪಟ್ಟಿಯ ನಾಲ್ಕು ರೋಗಗಳಲ್ಲಿ ಮೊದಲ ಎರಡಕ್ಕೆ ಮೂಲ ಒಂದೇ ಅಂತ ಇಲ್ಲಿ ಕೂತೇ ಹೇಳಬಲ್ಲೆ. ಉಳಿದವಕ್ಕೆ ಮೀಟರ್ ಹಿಡಿಯಬೇಕು.

ಮಿಶಿಗನ್‌ನಲ್ಲಿ ಕೂತು 1969ರ ಶೆವರ್ಲೆ ಸಿ-10 ಕಟ್ಟುವವನಿಗೆ ದಾವಣಗೆರೆಯ ಲಾರಿ ಎಲೆಕ್ಟ್ರಿಷಿಯನ್ ಏನು ಹೇಳಿಯಾನು ಅಂತ ನಿನ್ನ ಗೆಳೆಯರು ನಗಬಹುದು. ನಗಲಿ. ನಾನು ಕೆಲಸ ಕಲಿಯುವಾಗ ಕಂಪನಿಯಿಂದ ಲಾರಿ ಅಂತ ಬರುತ್ತಿದ್ದದ್ದು ಚಾಸಿ, ಇಂಜಿನ್ನು, ಬಾನೆಟ್ಟು, ಅಷ್ಟೇ. ಡ್ರೈವರ್ ಅದರ ಮೇಲೆ ಒಂದು ಪೆಟ್ಟಿಗೆ ಇಟ್ಟುಕೊಂಡು ಕೂತು, ಬಿಸಿಲು ಗಾಳಿಗೆ ಮುಖ ಒಡ್ಡಿ ಓಡಿಸಿಕೊಂಡು ಬರುತ್ತಿದ್ದ. ಕ್ಯಾಬಿನ್ನು, ಹಿಂದಿನ ಬಾಡಿ ಎಲ್ಲಾ ಇಲ್ಲಿ, ಪಿ.ಬಿ. ರಸ್ತೆಯ ಆಚೀಚೆಯ ಬಾಡಿ ಬಿಲ್ಡಿಂಗ್ ಶೆಡ್ಡುಗಳಲ್ಲಿ ಬಡಗಿ, ವೆಲ್ಡರ್, ಪೇಂಟರ್ ಸೇರಿ ಕಟ್ಟುತ್ತಿದ್ದರು. ಕಂಪನಿಯ ಪುಸ್ತಕದಲ್ಲಿ ಇರುವುದು ಚಾಸಿಯ ವೈರಿಂಗ್. ಮೇಲೆ ಮಾಲೀಕ ಹಾಕಿಸಿಕೊಂಡ ನಾಲ್ಕು ಬಣ್ಣದ ದೀಪ, ದೇವರ ಫೋಟೊದ ಸರ, ಮೂರು ಹಾರ್ನು, ಟೇಪ್ ರೆಕಾರ್ಡರು ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮಲ್ಲಿ ಈಗ ಹವ್ಯಾಸಕ್ಕೆ ಮಾಡುವ ಕೆಲಸವನ್ನು ನಮ್ಮಲ್ಲಿ ಹೊಟ್ಟೆಪಾಡಿಗೆ ದಿನಾ ಮಾಡುತ್ತಿದ್ದರು. ಒಂದೊಂದು ಲಾರಿಯೂ ಒಂದೊಂದು ಜಾತಿ.

ಆ ಕ್ಯಾಬಿನ್ನುಗಳ ಚೌಕಟ್ಟು ಹೆಚ್ಚಾಗಿ ಮರದ್ದು. ಮರದಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ನೆತ್ತಿಯ ದೀಪವಾಗಲಿ, ವೈಪರ್ ಮೋಟರಾಗಲಿ, ಒಳಗಿನ ಸಣ್ಣ ಫ್ಯಾನಾಗಲಿ, ಒಂದೊಂದಕ್ಕೂ ಹೋಗುವ ವೈರಿನ ಜೊತೆಗೆ ವಾಪಸು ಬರುವ ವೈರನ್ನೂ ಚಾಸಿಯ ತನಕ ಎಳೆಯಲೇಬೇಕು. ನಮ್ಮ ಉಸ್ತಾದರ ಹತ್ತಿರ ಹೋಗಿ "ದೀಪ ಹತ್ತುತ್ತಿಲ್ಲ, ಕರೆಂಟು ಬರುತ್ತಿದೆ" ಅಂದರೆ ಅವರು ತಲೆಯೆತ್ತದೆ ಕೇಳುತ್ತಿದ್ದದ್ದು ಒಂದೇ: ವಾಪಸು ಹೇಗೆ ಹೋಗುತ್ತದೆ, ಬೆರಳಿಟ್ಟು ತೋರಿಸು. ತೋರಿಸಲು ಹೋದವನಿಗೆ ರೋಗ ತಾನೇ ಸಿಗುತ್ತಿತ್ತು. ನಿನಗೂ ನಾನು ಕೇಳುವುದು ಅದನ್ನೇ. ಹೋಗುವ ದಾರಿಗೆ ಬಣ್ಣಬಣ್ಣದ ವೈರು, ಫ್ಯೂಸು, ಸ್ವಿಚ್ಚು, ಪುಸ್ತಕದಲ್ಲಿ ಚಂದದ ಚಿತ್ರ ಎಲ್ಲಾ ಇರುತ್ತದೆ. ವಾಪಸು ಬರುವ ದಾರಿಗೆ ಬರೀ ಗಾಡಿಯ ಕಬ್ಬಿಣ. ಕಬ್ಬಿಣ ತಾನೇ, ಇದ್ದೇ ಇರುತ್ತದೆ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ.

ನಿನ್ನ ಸಿ-10ದ ಕ್ಯಾಬಿನ್ ಉಕ್ಕಿನದು, ಒಪ್ಪಿದೆ. ಆದರೆ ಅದು ಚಾಸಿಯ ಮೇಲೆ ಕೂತಿರುವುದು ರಬ್ಬರಿನ ಮೇಲೆ. ಇಂಜಿನ್ ಕೂತಿರುವುದೂ ರಬ್ಬರಿನ ಮೇಲೆ. ಹಳೆಯ ಚಾಸಿಯ ತುಕ್ಕು ಕೆರೆಸಿ ಅದಕ್ಕೆ ಪೌಡರ್ ಕೋಟಿಂಗ್ ಮಾಡಿಸಿದ್ದೀಯ. ಫೋಟೊದಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತದೆ. ಪೌಡರ್ ಕೋಟಿಂಗ್ ಅಂದರೆ ಪ್ಲಾಸ್ಟಿಕ್ಕು, ಅಂದರೆ ಇನ್ಸುಲೇಷನ್ನು. 1969ರಲ್ಲಿ ಕಾರ್ಖಾನೆಯಿಂದ ಹೊರಟಾಗ ತಗಡಿಗೆ ತಗಡು, ಬೋಲ್ಟಿಗೆ ಕಬ್ಬಿಣ ಕಚ್ಚಿ ಸಾಗುತ್ತಿದ್ದ ಕರೆಂಟಿಗೆ ಈಗ ಎಲ್ಲಿ ನೋಡಿದರೂ ಬಾಗಿಲು ಹಾಕಿದೆ. ಗಾಡಿ ಹೊಸದಾದಷ್ಟೂ ಅರ್ಥಿಂಗ್ ಕೆಡುತ್ತದೆ ಎಂಬುದು ಈ ಹವ್ಯಾಸದವರಿಗೆ ಯಾಕೋ ತಡವಾಗಿ ತಲೆಗೆ ಹೋಗುತ್ತದೆ.

ಹಾಗಾಗಿ ಮೊದಲ ಕೆಲಸ ಅರ್ಥಿಂಗ್ ಪಟ್ಟಿಗಳು. ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನ್ ಬ್ಲಾಕಿಗೆ ದಪ್ಪ ಕೇಬಲ್, ಪೇಂಟಿನ ಮೇಲಲ್ಲ, ಬರಿಯ ಲೋಹದ ಮೇಲೆ. ಬ್ಲಾಕಿನಿಂದ ಚಾಸಿಗೆ ಒಂದು. ಇಂಜಿನ್ನಿನ ಹಿಂಭಾಗದಿಂದ ಕ್ಯಾಬಿನ್ನಿನ ಮುಂದಿನ ತಗಡಿಗೆ ಒಂದು. ಚಾಸಿಯಿಂದ ಹಿಂದಿನ ಲೋಡ್ ಬಾಡಿಗೆ ಒಂದು. ರೇಡಿಯೇಟರ್ ಹಿಡಿದಿರುವ ಮುಂದಿನ ಚೌಕಟ್ಟಿಗೆ ಒಂದು, ಹೆಡ್‌ಲೈಟುಗಳ ಕರೆಂಟು ಅಲ್ಲಿಂದ ವಾಪಸು ಬರಬೇಕು. ಬೋಲ್ಟು ಕೂರುವ ಜಾಗದಲ್ಲಿ ನಾಣ್ಯದಗಲ ಪೇಂಟ್ ಕೆರೆದು, ಎಮರಿ ಪೇಪರ್ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡು. ಬಿಗಿ ಮಾಡಿದ ಮೇಲೆ ಗ್ರೀಸ್ ಸವರು, ಮೊದಲೇ ಅಲ್ಲ. ನಿಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಾಗೇ ಬಿಟ್ಟ ತಾಮ್ರ ಒಂದೆರಡು ಚಳಿಗಾಲದಲ್ಲೇ ಹಸಿರು ಕಿಲುಬು ಹಿಡಿದು, ಆ ಕಿಲುಬು ವೈರಿನ ಪ್ಲಾಸ್ಟಿಕ್ಕಿನ ಒಳಗೊಳಗೇ ಏರುತ್ತದೆ.

ಬ್ಲಾಕಿನ ಅರ್ಥಿಂಗ್ ಕೆಟ್ಟಿದ್ದರೆ ಸೆಲ್ಫ್ ಹೊಡೆಯುವಾಗ ಕರೆಂಟು ಸುಮ್ಮನೆ ನಿಲ್ಲುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ಯಾವುದು ಇಂಜಿನ್ನಿಗೂ ಕ್ಯಾಬಿನ್ನಿಗೂ ತಗುಲಿದೆಯೋ ಅದರಲ್ಲಿ ನುಗ್ಗುತ್ತದೆ. ಚೋಕ್ ಕೇಬಲ್ ಬಿಸಿಯಾಗಿ ಹೊಗೆಯಾಡಿದ್ದಕ್ಕೆ ಹೊಸ ಚೋಕ್ ಕೇಬಲ್ ಹಾಕಿಸಿಕೊಂಡು ಹೋದವರು ನಮ್ಮ ಊರಲ್ಲೂ ಇದ್ದರು, ವಾರಕ್ಕೆ ಮತ್ತೆ ಬರುತ್ತಿದ್ದರು.

ಪಟ್ಟಿ ಹಾಕಿದರೆ ಸಾಲದು, ಅಳೆಯಬೇಕು. ಇಲ್ಲಿ ನಿನ್ನ ಎಂಜಿನಿಯರಿಂಗ್ ಬುದ್ಧಿ ನಿನ್ನನ್ನು ತಪ್ಪು ದಾರಿಗೆ ಎಳೆಯುತ್ತದೆ ಅಂತ ನನಗೆ ಗೊತ್ತು. ನೀನು ಬ್ಯಾಟರಿ ಬಿಚ್ಚಿ ಓಮ್ಸ್‌ನಲ್ಲಿ ಇಟ್ಟು ನೋಡುತ್ತೀಯ, ಸೊನ್ನೆ ತೋರಿಸುತ್ತದೆ, ಸರಿ ಇದೆ ಅನ್ನುತ್ತೀಯ. ಸೆಲ್ಫ್ ಎಳೆಯುವುದು 200 ಆಂಪಿಯರ್ ಅಂತ ಇಟ್ಟುಕೋ. ಜಾಯಿಂಟಿನಲ್ಲಿ 0.01 ಓಮ್ ಇದ್ದರೂ ಅಲ್ಲೇ 2 ವೋಲ್ಟ್ ಸತ್ತುಹೋಗುತ್ತದೆ. ಆ 0.01 ಓಮನ್ನು ನಿನ್ನ ಮೀಟರ್ ಕಾಣುವುದೇ ಇಲ್ಲ, ಅದರ ಸ್ವಂತ ವೈರುಗಳಲ್ಲೇ ಅದರ ಹತ್ತಾರು ಪಟ್ಟು ಇರುತ್ತದೆ. ಅದಕ್ಕೇ ಓಮ್ಸ್ ಬಿಡು. ಮೀಟರನ್ನು ಡಿಸಿ ವೋಲ್ಟಿಗೆ ಇಡು. ಫ್ಯೂಯೆಲ್ ಪಂಪಿನ ರಿಲೇ ಕಿತ್ತಿಡು, ಇಂಜಿನ್ ಹತ್ತಬಾರದು. ಮೀಟರಿನ ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್ ಸೀಸದ ಕಂಬದ ಮೇಲೆ, ಕ್ಲಾಂಪಿನ ಮೇಲಲ್ಲ. ಇನ್ನೊಂದು ಇಂಜಿನ್ ಬ್ಲಾಕಿನ ಮೇಲೆ. ಯಾರನ್ನಾದರೂ ಕರೆದು ಸೆಲ್ಫ್ ಹೊಡೆಸು. 0.2 ವೋಲ್ಟಿನ ಒಳಗಿದ್ದರೆ ಆ ದಾರಿ ಚೊಕ್ಕ. ಅರ್ಧ ವೋಲ್ಟ್ ತೋರಿಸಿದರೆ ಆ ಕೇಬಲ್ಲಿನ ಎರಡು ತುದಿಗಳಲ್ಲಿ ಒಂದು ಕೆಟ್ಟಿದೆ. ಮುಳ್ಳನ್ನು ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಲಗ್ಗಿಗೆ ಸರಿಸುತ್ತಾ ಬಾ. ಯಾವ ಎರಡರ ನಡುವೆ ವೋಲ್ಟ್ ಬಿತ್ತೋ ರೋಗ ಅಲ್ಲಿದೆ. ಹೀಗೇ ಪಾಸಿಟಿವ್ ಕಡೆಯೂ ನೋಡು, ಹೆಡ್‌ಲೈಟ್ ಹಾಕಿಕೊಂಡು ಹೆಡ್‌ಲೈಟಿನ ಅರ್ಥಿಂಗನ್ನೂ ನೋಡು. ಕೆಲಸ ಮಾಡುತ್ತಿರುವಾಗ ಅಳೆದದ್ದೇ ಅಳತೆ. ಸುಮ್ಮನಿದ್ದಾಗ ಅಳೆದದ್ದನ್ನು ನನಗೆ ಬರೆಯಬೇಡ.

ಇದೇ ಕಾರಣಕ್ಕೆ ನಮ್ಮ ಹಳೆಯ ಟೆಸ್ಟ್ ಲ್ಯಾಂಪ್ ಇನ್ನೂ ಬದುಕಿದೆ. ಡಿಜಿಟಲ್ ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬೇಕು. ವೈರಿನ ಒಳಗೆ ಒಂದೇ ಒಂದು ಎಳೆ ಉಳಿದಿದ್ದರೂ 12.6 ಅಂತ ತೋರಿಸಿ ನಿನ್ನನ್ನು ಸಮಾಧಾನ ಮಾಡುತ್ತದೆ. ಬಾವಿಯ ಹಗ್ಗ ನೋಡಿ ಹಗ್ಗ ಇದೆ ಅನ್ನುವುದು ಮೀಟರ್. ತುಂಬಿದ ಕೊಡ ಕಟ್ಟಿ ಎಳೆದು ನೋಡುವುದು ಟೆಸ್ಟ್ ಲ್ಯಾಂಪ್. ಆದರೆ ಒಂದು ಎಚ್ಚರ. ನಿನ್ನ ಹೊಸ ಇಂಜಿನ್ನಿನ ಕಂಪ್ಯೂಟರಿಗೆ ಹೋಗುವ ಸೆನ್ಸರ್ ವೈರುಗಳಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಚುಚ್ಚಬೇಡ, ಅದು ಎಳೆಯುವ ಕರೆಂಟನ್ನು ಆ ಸೂಕ್ಷ್ಮ ಸರ್ಕಿಟ್ಟು ತಡೆಯದು. ಅಲ್ಲಿ ಮೀಟರೇ ಸರಿ.

ಈಗ ನಿನ್ನ ಇಂಡಿಕೇಟರಿಗೆ ಬಾ. ಆ ಟೇಲ್ ಲ್ಯಾಂಪಿನ ಬಲ್ಬಿನೊಳಗೆ ಎರಡು ಫಿಲಮೆಂಟ್ ಇವೆ. ಒಂದು ರಾತ್ರಿ ಉರಿಯುವ ಮಂದ ದೀಪಕ್ಕೆ, ಇನ್ನೊಂದು ಬ್ರೇಕಿಗೂ ಇಂಡಿಕೇಟರಿಗೂ ಸೇರಿ. ಎರಡೂ ವಾಪಸು ಹೋಗುವುದು ಹೋಲ್ಡರಿನ ತಗಡಿನ ಮೂಲಕ. ಆ ತಗಡಿಗೆ ಅರ್ಥಿಂಗ್ ಇಲ್ಲವೆಂದರೆ ಇಂಡಿಕೇಟರಿನ ಕರೆಂಟು ಒಂದು ಫಿಲಮೆಂಟ್ ದಾಟಿ, ಪಕ್ಕದ ಮಂದ ದೀಪದ ಫಿಲಮೆಂಟಿಗೆ ಹಿಂದುಮುಂದಾಗಿ ಹೊಕ್ಕು, ಕಂದು ಬಣ್ಣದ ಟೇಲ್ ಲ್ಯಾಂಪ್ ವೈರಿನಲ್ಲಿ ಮುಂದಕ್ಕೆ ಬಂದು, ಎಡಗಡೆ ಟೇಲ್ ಲ್ಯಾಂಪು, ಮುಂದಿನ ಪಾರ್ಕಿಂಗ್ ದೀಪ, ಡ್ಯಾಶ್‌ಬೋರ್ಡ್ ದೀಪ ಎಲ್ಲದರ ಮೂಲಕ ಚಾಸಿ ಸೇರುತ್ತದೆ. ಅದಕ್ಕೇ ಎಲ್ಲವೂ ಒಟ್ಟಿಗೆ ಮಿಣುಕುವುದು. ಫ್ಲಾಷರ್ ಬದಲಿಸಿದ್ದೀಯ, ಸ್ಟೀರಿಂಗ್ ಕೆಳಗಿನ ಸ್ವಿಚ್ಚೂ ಬದಲಿಸಿದ್ದೀಯ, ಎರಡೂ ಚೆನ್ನಾಗಿದ್ದವು. ಬಲಗಡೆ ಹಿಂದಿನ ಹೋಲ್ಡರಿನಿಂದ ಚಾಸಿಗೆ ಒಂದು ವೈರು ತಾತ್ಕಾಲಿಕವಾಗಿ ಮುಟ್ಟಿಸು. ಮಿಣುಕು ನಿಂತರೆ ಅಲ್ಲೇ ಖಾಯಂ ಮಾಡು. ಯಾವುದೋ ದೀಪ ಸಂಬಂಧವಿಲ್ಲದ ಇನ್ನೊಂದು ಸ್ವಿಚ್ಚಿಗೆ ಉತ್ತರ ಕೊಟ್ಟರೆ, ಸ್ವಿಚ್ಚನ್ನು ಅನುಮಾನಿಸುವ ಮೊದಲು ಅರ್ಥಿಂಗನ್ನು ಅನುಮಾನಿಸು.

ಪೆಟ್ರೋಲ್ ಮುಳ್ಳೂ ಇದೇ ಕಥೆ. 1967ರಿಂದ 1972ರ ತನಕದ ಶೆವರ್ಲೆ ಪಿಕಪ್‌ಗಳಲ್ಲಿ ಟ್ಯಾಂಕ್ ಇದ್ದದ್ದು ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನಿಗೆ. ಬೆನ್ನ ಹಿಂದೆ ಪೆಟ್ರೋಲ್ ಇಟ್ಟುಕೊಂಡು ಓಡಾಡುವುದು ಬೇಡ ಅಂತ ನೀನು ಅದನ್ನು ತೆಗೆದು ಹಿಂದೆ ಚಾಸಿಯ ನಡುವೆ ತೂಗುಹಾಕಿದೆ, ಒಳ್ಳೆಯದೇ ಆಯಿತು. ಆದರೆ ಹೊಸ ಟ್ಯಾಂಕ್ ಕೂತಿರುವುದು ರಬ್ಬರ್ ಪಟ್ಟಿಯ ಮೇಲೆ, ಬಣ್ಣ ಹಚ್ಚಿದ ಚಾಸಿಯ ಮೇಲೆ. ಜನರಲ್ ಮೋಟಾರ್ಸ್‌ನ ಆ ಕಾಲದ ಟ್ಯಾಂಕ್ ಯೂನಿಟ್ ಖಾಲಿಯಾದಾಗ 0 ಓಮ್, ತುಂಬಿದಾಗ 90 ಓಮ್. ದಾರಿಯೇ ಕಡಿದುಹೋದರೆ ಪೆಟ್ರೋಲ್ ಮೀಟರಿಗೆ 90ಕ್ಕಿಂತ ಎಷ್ಟೋ ಹೆಚ್ಚು ಕಾಣುತ್ತದೆ, ಮುಳ್ಳು ಫುಲ್ ದಾಟಿ ಕೂರುತ್ತದೆ. ಫೋರ್ಡ್‌ನಲ್ಲಿ ಲೆಕ್ಕ ಉಲ್ಟಾ: ಖಾಲಿಗೆ 73 ಓಮ್, ತುಂಬಿದ್ದಕ್ಕೆ ಸುಮಾರು 10. ಅಲ್ಲಿ ದಾರಿ ಕಡಿದರೆ ಮುಳ್ಳು ಖಾಲಿಗೆ ಬೀಳುತ್ತದೆ. ಫೋರ್ಡ್ ಎಫ್-100 ಕಟ್ಟುತ್ತಿರುವ ನಿನ್ನ ಗೆಳೆಯ ಹೇಳಿದ ಉಪಾಯ ನಿನಗೆ ಕೂಡದೇ ಹೋದದ್ದು ಇದಕ್ಕೇ. ಅವನದು ತಪ್ಪಲ್ಲ, ಅವನ ಗಾಡಿ ಬೇರೆ.

ಪರೀಕ್ಷೆ ಸುಲಭ. ಟ್ಯಾಂಕಿನಿಂದ ದೂರದ ಕನೆಕ್ಟರಿನಲ್ಲಿ ಪೆಟ್ರೋಲ್ ಮೀಟರಿನ ವೈರು ಬಿಚ್ಚಿ ಚಾಸಿಯ ಬರಿ ಲೋಹಕ್ಕೆ ಮುಟ್ಟಿಸು, ಟ್ಯಾಂಕಿನ ಬಾಯಿಯ ಹತ್ತಿರ ಮಾತ್ರ ಕಿಡಿ ಆಡಿಸಬೇಡ. ಮುಟ್ಟಿಸಿದಾಗ ಮುಳ್ಳು ಖಾಲಿಗೆ ಇಳಿದು, ಬಿಟ್ಟಾಗ ಫುಲ್ ದಾಟಿದರೆ ಡ್ಯಾಶ್‌ಬೋರ್ಡಿನ ಕಡೆ ಎಲ್ಲಾ ಸರಿ. ಆಮೇಲೆ ಟ್ಯಾಂಕ್ ಯೂನಿಟ್ಟಿನ ಚಪ್ಪಟೆ ತಗಡಿನಿಂದ ಚಾಸಿಗೆ ಒಂದು ಕಪ್ಪು ವೈರು ಎಳೆ. ಹೊಸ ಮೀಟರುಗಳನ್ನು ಬೇರೆ ಕಂಪನಿಯಿಂದ ತರಿಸಿದ್ದೀಯಲ್ಲ, ಅದು ಯಾವ ಓಮ್ಸ್ ಲೆಕ್ಕದ್ದು ಅಂತ ಅದರ ಕಾಗದದಲ್ಲಿ ಓದಿಕೋ. ಎಷ್ಟು ಜನ ಅದನ್ನು ಓದದೆ ಟ್ಯಾಂಕ್ ಇಳಿಸುತ್ತಾರೋ.

ಮೂರನೆಯ ರೋಗ, ಸೆಲ್ಫ್ ಹೊಡೆದರೂ ಇಂಜಿನ್ ಹತ್ತದಿರುವುದು, ಅರ್ಥಿಂಗ್ ಅಲ್ಲ, ಅಲ್ಲಿ ಬೇರೆ ಯೋಚನೆ ಬೇಕು. ನೀನು ಕೂರಿಸಿರುವ 5.3 ಲೀಟರಿನ ಇಂಜಿನ್ ಇತ್ತೀಚಿನದು, ಕಂಪ್ಯೂಟರ್ ಇಲ್ಲದೆ ಕಿಡಿಯೂ ಇಲ್ಲ ಪೆಟ್ರೋಲೂ ಇಲ್ಲ. ಆ ಕಂಪ್ಯೂಟರಿಗೆ ಎರಡು ಪಾಸಿಟಿವ್ ಬೇಕು: ಒಂದು ಸದಾ ಇರುವುದು, ಇನ್ನೊಂದು ಕೀ ಹಾಕಿದಾಗ ಬರುವುದು. ಎರಡನೆಯದು ಕೀ ರನ್‌ನಲ್ಲಿದ್ದಾಗಲೂ ಇರಬೇಕು, ಸೆಲ್ಫ್ ಹೊಡೆಯುವಾಗಲೂ ಇರಬೇಕು. ಹಳೆಯ ಇಗ್ನಿಷನ್ ಸ್ವಿಚ್ಚಿನಲ್ಲಿ ರೇಡಿಯೋ, ಹೀಟರಿಗೆ ಹೋಗುವ ಆಕ್ಸೆಸರಿ ತುದಿ ಸೆಲ್ಫ್ ಹೊಡೆಯುವಷ್ಟು ಹೊತ್ತೂ ಸತ್ತಿರುತ್ತದೆ, ಬ್ಯಾಟರಿಯ ಬಲವೆಲ್ಲಾ ಸೆಲ್ಫಿಗೆ ಸಿಗಲಿ ಅಂತ. ಕಂಪ್ಯೂಟರಿನ ಗುಲಾಬಿ ವೈರನ್ನು ಆ ತುದಿಗೆ ಸೇರಿಸಿದರೆ ಏನಾಗುತ್ತದೆ? ಸೆಲ್ಫ್ ತಿರುಗುತ್ತದೆ, ಕಂಪ್ಯೂಟರ್ ಮಲಗಿರುತ್ತದೆ. ಕೀ ಬಿಟ್ಟೊಡನೆ ಅದು ಎಚ್ಚರಾಗುತ್ತದೆ, ಇಂಜಿನ್ ಇನ್ನೂ ತಿರುಗುತ್ತಿದ್ದರೆ ಒಂದೊಂದು ಸಲ ಹತ್ತಿಬಿಡುತ್ತದೆ. ನೀನು ಬರೆದ ಲಕ್ಷಣಕ್ಕೆ ಇದು ಸರಿಯಾಗಿ ಕೂಡುತ್ತದೆ. ಗುಲಾಬಿ ವೈರಿನ ಮೇಲೆ ಮೀಟರ್ ಇಟ್ಟು ಸೆಲ್ಫ್ ಹೊಡೆಸಿ ನೋಡು. ಸೊನ್ನೆಗೆ ಬಿದ್ದರೆ ಜಾಗ ಬದಲಿಸು. ಸೊನ್ನೆಗೆ ಬೀಳದೆ 9ರ ಕೆಳಗೆ ಇಳಿದರೆ ಬ್ಯಾಟರಿ ಅಥವಾ ಕೇಬಲ್ ಸೋತಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಕಂಬಗಳಲ್ಲಿ 9.6ರ ಮೇಲೆ ನಿಲ್ಲಬೇಕು.

ಇನ್ನೊಂದು ಸಾಧ್ಯತೆ ಇದೆ, ಅದನ್ನು ನೋಡದೆ ಬಿಡಬೇಡ. ಇಂಜಿನ್ ಕಡೆಯ ಹಳೆಯ ವೈರಿನ ಒಂದು ತುಂಡು ಉಳಿಸಿಕೊಂಡಿದ್ದೇನೆ ಅಂತ ನೀನು ಅಂದಿದ್ದೆ. ಪಾಯಿಂಟ್ ಕಾಲದ ಗಾಡಿಗಳಲ್ಲಿ ಕಾಯಿಲ್‌ಗೆ ಹೋಗುವ ವೈರು ಸಾಮಾನ್ಯ ತಾಮ್ರದ್ದಲ್ಲ, ರೆಸಿಸ್ಟೆನ್ಸ್ ವೈರು. ಪಾಯಿಂಟು ಸುಟ್ಟುಹೋಗದಿರಲಿ ಅಂತ ಓಡುವಾಗ ಕರೆಂಟನ್ನು ಬೇಕೆಂದೇ ತಗ್ಗಿಸುತ್ತಿತ್ತು. ಸೆಲ್ಫ್ ಹೊಡೆಯುವಾಗ ಮಾತ್ರ ಸೆಲ್ಫಿನ ಸೊಲೆನಾಯ್ಡ್‌ನಿಂದ ಇನ್ನೊಂದು ವೈರು ಪೂರ್ತಿ ವೋಲ್ಟೇಜ್ ಕೊಡುತ್ತಿತ್ತು. ನೋಡಲು ಉಳಿದ ವೈರುಗಳ ಹಾಗೇ ಇರುತ್ತದೆ, ಖಾಲಿ ಅಳೆದರೆ 12 ತೋರಿಸುತ್ತದೆ. ಹೊರೆ ಬಿದ್ದಾಗ ಕುಸಿಯುತ್ತದೆ. ಅದರಿಂದ ಕಂಪ್ಯೂಟರಿಗೋ ರಿಲೇಗೋ ಕರೆಂಟು ಕೊಟ್ಟಿದ್ದರೆ ಇವತ್ತೇ ಕಿತ್ತುಹಾಕು.

ಕೀ ತೆಗೆದರೂ ಇಂಜಿನ್ ನಿಲ್ಲುವುದಿಲ್ಲ ಅಂತ ಮುಂದೆ ಎಂದಾದರೂ ಫೋನ್ ಮಾಡಿದರೆ ಆಲ್ಟರ್ನೇಟರಿನ ಸಣ್ಣ ವೈರನ್ನು ನೋಡು ಅಂತ ಈಗಲೇ ಹೇಳಿಬಿಡುತ್ತೇನೆ. ನಡುವೆ ಚಾರ್ಜಿಂಗ್ ಬಲ್ಬೋ ಡಯೋಡೋ ಇಲ್ಲದಿದ್ದರೆ ತಿರುಗುತ್ತಿರುವ ಆಲ್ಟರ್ನೇಟರೇ ಆ ವೈರಿನಿಂದ ಇಗ್ನಿಷನ್ನಿಗೆ ಹಿಂದಿನ ಬಾಗಿಲಿಂದ ಕರೆಂಟು ಕೊಡುತ್ತದೆ.

ಬ್ಯಾಟರಿ ಡೌನ್ ಆಗುವುದಕ್ಕೆ ಮೊದಲು ಕಾಗದದ ಮೇಲೆ ಲೆಕ್ಕ ಹಾಕು. ನಿನ್ನ ಬ್ಯಾಟರಿ 60 ಆಂಪಿಯರ್ ಅವರ್ ಅಂತಿಟ್ಟುಕೋ, ವಾರಕ್ಕೆ 168 ಗಂಟೆ. ಪೂರಾ ಖಾಲಿಯಾಗಲು ಸುಮಾರು 0.35 ಆಂಪಿಯರ್ ಒಂದೇ ಸಮನೆ ಸೋರಬೇಕು. 5 ವ್ಯಾಟಿನ ಒಂದು ಬಲ್ಬು ಎಳೆಯುವುದು ಹತ್ತಿರ ಹತ್ತಿರ ಅಷ್ಟೇ. ಅಂದರೆ ನೀನು ಹುಡುಕಬೇಕಾದ ಕಳ್ಳನ ಗಾತ್ರ ಗೊತ್ತಾಯಿತು: ಆರದ ಗ್ಲೋವ್ ಬಾಕ್ಸ್ ಬಲ್ಬು, ಮಲಗದ ಸ್ಟೀರಿಯೋ ಆಂಪ್ಲಿಫೈಯರು, ಅಂಟಿಕೊಂಡಿರುವ ಒಂದೆರಡು ರಿಲೇ. ರಿಲೇಯ ಕಾಯಿಲ್ ಒಂದೇ 0.15ರಿಂದ 0.2 ಆಂಪಿಯರ್ ನುಂಗುತ್ತದೆ. ಶಾರ್ಟ್ ಸರ್ಕಿಟ್ ಅಂತೂ ಅಲ್ಲ, ಅದಾಗಿದ್ದರೆ ವಾರ ಕಾಯುತ್ತಿರಲಿಲ್ಲ.

ನೆಗೆಟಿವ್ ಕೇಬಲ್ ಬಿಚ್ಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಇಡು. ಈ ಸ್ಥಿತಿಯಲ್ಲಿ ಕೀ ಮುಟ್ಟಬೇಡ, ಮೀಟರಿನ ಫ್ಯೂಸ್ ಹಾರುತ್ತದೆ. ಬಾಗಿಲು ಹಾಕಿ ಅರ್ಧ ಗಂಟೆ ಕಾಯಿ. ಹೊಸ ಇಂಜಿನ್ನಿನ ಕಂಪ್ಯೂಟರ್ ಮಲಗಲು ಸಮಯ ಬೇಕು. 0.05 ಆಂಪಿಯರಿನ ಒಳಗೆ ಬಂದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕೀಳು, ಅಂಕಿ ಯಾವಾಗ ಇಳಿಯುತ್ತದೋ ಆ ಫ್ಯೂಸಿನ ಮನೆಯಲ್ಲಿ ಕಳ್ಳ ಇದ್ದಾನೆ. ಎಲ್ಲಾ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಹೆದರಬೇಡ: ಆಲ್ಟರ್ನೇಟರಿನ ದಪ್ಪ ವೈರು ಫ್ಯೂಸ್ ಬಾಕ್ಸಿಗೆ ಬರುವುದೇ ಇಲ್ಲ. ಅದನ್ನು ಬಿಚ್ಚಿ ನೋಡು. ಒಳಗಿನ ಡಯೋಡ್ ಸೋರಿದರೆ ಇಡೀ ರಾತ್ರಿ ಸೋರುತ್ತದೆ, ಹಗಲು ಚಾರ್ಜಿಂಗ್ ಹೆಚ್ಚೂಕಡಿಮೆ ಸರಿಯಾಗೇ ಇರುತ್ತದೆ.

ಇಷ್ಟೂ ಗಾಡಿ ಓಡದಂತೆ ಮಾಡುವ ರೋಗಗಳು. ಗಾಡಿ ಸುಡುವ ರೋಗದ ಬಗ್ಗೆ ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಆ ಕಾಲದ ಆಲ್ಟರ್ನೇಟರ್ ಕೊಡುತ್ತಿದ್ದದ್ದು 40 ಆಂಪಿಯರ್ ಆಸುಪಾಸು. ನೀನು ಎಸಿ, ಎಲೆಕ್ಟ್ರಿಕ್ ಫ್ಯಾನು, ಸ್ಟೀರಿಯೋ ಅಂತ 140 ಆಂಪಿಯರಿನದು ಹಾಕಿದ್ದೀಯ. ಅದರಿಂದ ಬ್ಯಾಟರಿಗೆ ಹೋಗುವ ವೈರು ಯಾವ ದಪ್ಪದ್ದು? ನಿಮ್ಮ ಅಮೆರಿಕನ್ ಗೇಜಿನಲ್ಲಿ ನಂಬರ್ ಸಣ್ಣದಾದಷ್ಟೂ ವೈರು ದಪ್ಪ. 10 ಗೇಜ್ ಅಂದರೆ ನಮ್ಮ ಲೆಕ್ಕದಲ್ಲಿ 5 ಚದರ ಮಿಲಿಮೀಟರಿಗಿಂತ ತುಸು ಹೆಚ್ಚು, 14 ಗೇಜ್ ಅಂದರೆ 2. ಹತ್ತರ ವೈರಿನಲ್ಲಿ 140 ಆಂಪಿಯರ್ ಓಡಿಸಿದರೆ ಅದು ವೈರಲ್ಲ, ಹೀಟರು. ದಪ್ಪ ಕೇಬಲ್ ಹಾಕು, ಬ್ಯಾಟರಿಯ ಪಕ್ಕದಲ್ಲೇ ಅದಕ್ಕೆ ತಕ್ಕ ಫ್ಯೂಸ್ ಹಾಕು. ಹಳೆಯ ಗಾಡಿಯಲ್ಲಿ ಫ್ಯೂಸಿಬಲ್ ಲಿಂಕ್ ಅಂತ ಒಂದು ತುಂಡು ವೈರು ಇರುತ್ತದೆ, ತಾನು ಕಾಯುವ ವೈರಿಗಿಂತ ನಾಲ್ಕು ಗೇಜ್ ಸಣ್ಣದು. ಹತ್ತರ ವೈರಿಗೆ ಹದಿನಾಲ್ಕರ ಲಿಂಕು. ಅದು ಕರಗಿದಾಗ ಸಾಮಾನ್ಯ ವೈರು ಸೇರಿಸಿ ಬೆಸೆಯಬೇಡ. ಅದರ ಮೇಲಿನ ಹೊದಿಕೆ ಬೆಂಕಿ ಹತ್ತದ ಜಾತಿಯದು, ಸಾಮಾನ್ಯ ವೈರಿನದು ಹಾಗಲ್ಲ.

ಹೆಡ್‌ಲೈಟು ರಸ್ತೆಯಲ್ಲಿ ತಾನೇ ಆರಿ, ತಾನೇ ಮತ್ತೆ ಹತ್ತಿದರೆ ಅದು ಲೂಸ್ ಕಾಂಟ್ಯಾಕ್ಟ್ ಇರಲಿಕ್ಕಿಲ್ಲ. ಆ ಟ್ರಕ್ಕಿನ ಹೆಡ್‌ಲೈಟ್ ಸ್ವಿಚ್ಚಿನೊಳಗೆ ಒಂದು ಬ್ರೇಕರ್ ಇದೆ. ಹೆಚ್ಚು ವ್ಯಾಟಿನ ಬಲ್ಬ್ ಹಾಕಿದರೆ ಬಿಸಿಯಾಗಿ ಕಡಿಯುತ್ತದೆ, ತಣ್ಣಗಾದ ಮೇಲೆ ಕೂಡುತ್ತದೆ. ಸ್ವಿಚ್ಚಿಗೆ ರಿಲೇ ಎಬ್ಬಿಸುವ ಕೆಲಸ ಮಾತ್ರ ಕೊಡು, ಬಲ್ಬಿನ ಕರೆಂಟು ಬ್ಯಾಟರಿಯಿಂದ ನೇರ ರಿಲೇಗೆ ಬರಲಿ. 30ಕ್ಕೆ ಬ್ಯಾಟರಿ, 87ಕ್ಕೆ ಬಲ್ಬು, 85 ಮತ್ತು 86 ಕಾಯಿಲಿಗೆ. ಬೆಳಕೂ ಏರುತ್ತದೆ: ಬಲ್ಬಿಗೆ 12ರ ಬದಲು 10.5 ವೋಲ್ಟ್ ಮುಟ್ಟಿದರೆ ಬೆಳಕು ಮೂರರಲ್ಲಿ ಎರಡು ಪಾಲಿಗೆ ಇಳಿದಿರುತ್ತದೆ.

ಜಾಯಿಂಟಿನ ಬಗ್ಗೆ ನಿನ್ನ ಹತ್ತಿರ ಜಗಳಕ್ಕೆ ನಿಲ್ಲುವುದಿಲ್ಲ. ನಮ್ಮಲ್ಲಿ ಬೆಸುಗೆಯೇ ಗಟ್ಟಿ ಅಂತ ನಂಬಿ ಬೆಳೆದವರು ನಾವು. ಆದರೆ ಅದುರುವ ಗಾಡಿಯಲ್ಲಿ ಬೆಸುಗೆ ಎಲ್ಲಿ ಮುಗಿಯುತ್ತದೋ ಅಲ್ಲಿ ತಾಮ್ರದ ಎಳೆಗಳು ಮುರಿಯುತ್ತವೆ ಎಂಬುದು ನಿಜ. ಒಳ್ಳೆಯ ಕ್ರಿಂಪಿಂಗ್ ಪ್ಲೇಯರ್, ಗೋಂದು ಇರುವ ಸ್ಲೀವ್, ಎಳೆದು ನೋಡಿ ಬಿಡುವ ಅಭ್ಯಾಸ, ಇಷ್ಟು ಸಾಕು. ವೈರನ್ನು ಕತ್ತರಿಸದೆ ಕಚ್ಚಿ ಹಿಡಿಯುವ ಆ ನೀಲಿ ಕ್ಲಿಪ್ಪುಗಳನ್ನು ಮಾತ್ರ ನನ್ನ ಕಣ್ಣಿಗೆ ತೋರಿಸಬೇಡ. ತಗಡಿನ ತೂತಿನಲ್ಲಿ ವೈರು ಹಾಯುವಲ್ಲೆಲ್ಲ ರಬ್ಬರ್ ಬುಷ್ ಇರಲಿ.

ಇನ್ನೊಂದು ಮಾತು, ನಿನಗೆ ಬೇಸರವಾದರೂ. ಇಂಜಿನ್ ರೂಮಿನಲ್ಲಿ ಒಂದು ವೈರೂ ಕಾಣಬಾರದು ಅಂತ ಎಲ್ಲವನ್ನೂ ಫೆಂಡರಿನ ಒಳಗೆ ಬಚ್ಚಿಟ್ಟಿದ್ದೀಯ. ಪ್ರದರ್ಶನದಲ್ಲಿ ಜನ ಬಾಯಿ ಬಿಡುತ್ತಾರೆ. ರಾತ್ರಿ ಹೈವೇಯಲ್ಲಿ ನಿಂತಾಗ ಫ್ಯೂಸ್ ಬದಲಿಸಲು ಚಕ್ರ ಬಿಚ್ಚಬೇಕು. ಫ್ಯೂಸ್ ಬಾಕ್ಸಾದರೂ ಕೈಗೆ ಸಿಗುವ ಜಾಗಕ್ಕೆ ತಾ.

ಕೊನೆಯದಾಗಿ ನಕ್ಷೆ. ನಿನ್ನ ಗೋಡೆಯ ಮೇಲೆ ಅಂಟಿಸಿರುವ 1969ರ ಕಂಪನಿ ಡಯಾಗ್ರಾಮ್ ನಿನ್ನ ಟ್ರಕ್ಕಿನದಲ್ಲ. ಕ್ಯಾಬಿನ್ 1969ರದು, ಇಂಜಿನ್ ಬೇರೆ ಕಾಲದ್ದು, ಮೀಟರುಗಳು ಮೂರನೆಯವರದು, ಟ್ಯಾಂಕ್ ನೀನು ಜಾಗ ಬದಲಿಸಿದ್ದು. ಈ ನಾಲ್ಕನ್ನೂ ಸೇರಿಸಿದ ಚಿತ್ರ ಲೋಕದಲ್ಲಿ ಎಲ್ಲೂ ಇಲ್ಲ, ನೀನೇ ಬರೆಯಬೇಕು. ಕಿಟ್ಟಿನ ವೈರುಗಳ ಮೇಲೆ ಹೆಸರು ಅಚ್ಚಾಗಿರುತ್ತದೆ, ನೀನಾಗಿ ಸೇರಿಸಿದ ವೈರಿನ ಮೇಲೆ ಏನೂ ಇರುವುದಿಲ್ಲ. ಎರಡು ತುದಿಗೂ ಚೀಟಿ ಕಟ್ಟು. ನೇರಳೆ ಸೆಲ್ಫಿಗೆ, ಗುಲಾಬಿ ಇಗ್ನಿಷನ್ನಿಗೆ, ಕಂದು ಟೇಲ್ ಲ್ಯಾಂಪಿಗೆ ಎಂಬ ಕಂಪನಿಯ ಬಣ್ಣಗಳನ್ನು ಮುರಿಯಬೇಡ. ಬರೆಯುವಾಗ ಒಂದೊಂದು ದೀಪಕ್ಕೂ ವಾಪಸಿನ ಗೆರೆಯನ್ನೂ ಎಳೆ, ಕಂಪನಿಯವರ ಹಾಗೆ ಮೂರು ಸಣ್ಣ ಗೀಟು ಹಾಕಿ ಕೈತೊಳೆದುಕೊಳ್ಳಬೇಡ. ಯಾವ ಬೋಲ್ಟು ಅಂತ ಬರಿ.

ಕೆಲಸಕ್ಕೆ ಕೈ ಹಾಕುವ ಮೊದಲು ನೆಗೆಟಿವ್ ಬಿಚ್ಚು, ಮುಗಿದ ಮೇಲೆ ಅದನ್ನೇ ಕೊನೆಗೆ ಹಾಕು. ಬೆಂಕಿ ಆರಿಸುವ ಸಿಲಿಂಡರ್ ಶೆಡ್ಡಿನ ಒಳಮೂಲೆಯಲ್ಲಿ ಬೇಡ, ಬಾಗಿಲ ಹತ್ತಿರ ಇಡು. ಈ ಶನಿವಾರ ನಾಲ್ಕು ಅಳತೆ ತೆಗಿ: ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕಂಬದಲ್ಲಿ ಎಷ್ಟು, ಕಂಬಕ್ಕೂ ಬ್ಲಾಕಿಗೂ ನಡುವೆ ಎಷ್ಟು, ಗುಲಾಬಿ ವೈರಿನಲ್ಲಿ ಎಷ್ಟು, ಇಂಡಿಕೇಟರ್ ಹಾಕಿದಾಗ ಬಲ ಟೇಲ್ ಲ್ಯಾಂಪಿನ ಹೋಲ್ಡರಿಗೂ ಚಾಸಿಗೂ ನಡುವೆ ಎಷ್ಟು. ಫೋಟೊ ಕಳಿಸಬೇಡ, ನಂಬರ್ ಕಳಿಸು. ನಿನಗೆ ಬೆಳಿಗ್ಗೆ ಅಂದರೆ ಇಲ್ಲಿ ಸಂಜೆ, ನಾನು ಮನೆಯಲ್ಲೇ ಇರುತ್ತೇನೆ; ಮೀಟರ್ ಕೈಯಲ್ಲಿ ಹಿಡಿದುಕೊಂಡೇ ಫೋನ್ ಮಾಡು.